ಡಾವಿಂಚಿ ರಿಸಾಲ್ವ್ ಪ್ರಿಸೆಟ್‌ಗಳು: ಒಳ್ಳೆಯವೇ, ಆದರೆ ಒಂದೊಂದರ ಮನೆ ಒಂದೊಂದು ಕಡೆ

ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಯಾವುದಾದರೂ ಪ್ರಾಜೆಕ್ಟ್ ತೆರೆದು ಶಿಫ್ಟ್ ಜೊತೆ 9 ಒತ್ತಿದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಕಿಟಕಿ ತೆರೆಯುತ್ತದೆ. ಎಡಗಡೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿರುವುದು ‘ಪ್ರಿಸೆಟ್ಸ್’, ಅಂದರೆ ಉಳಿಸಿಟ್ಟ ಸೆಟ್ಟಿಂಗುಗಳು. ಮೊದಲ ಸ್ಥಾನ ಕೊಟ್ಟಿದ್ದರೂ ಅದನ್ನು ಕ್ಲಿಕ್ ಮಾಡಿ ನೋಡಿದವರು ಕಡಿಮೆ. ಪ್ರತಿ ಹೊಸ ಕೆಲಸಕ್ಕೂ ರೆಸಲ್ಯೂಷನ್, ಫ್ರೇಮ್ ರೇಟ್, ಕಲರ್ ಮ್ಯಾನೇಜ್‌ಮೆಂಟ್, ಕ್ಯಾಶ್ ಫೋಲ್ಡರ್ ಎಲ್ಲವನ್ನೂ ಕೈಯಿಂದ ಹಾಕಿ, ಒಂದನ್ನು ಮರೆತು, ಎಡಿಟ್ ಅರ್ಧ ಮುಗಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವುದೇ ರೂಢಿಯಾಗಿದೆ.

ಈ ವಿಮರ್ಶೆ ಇಡೀ ಸಾಫ್ಟ್‌ವೇರ್ ಕುರಿತಲ್ಲ. ನಮಗೆ ಬೇಕಾದ ಸೆಟ್ಟಿಂಗನ್ನು ಉಳಿಸಿಟ್ಟುಕೊಂಡು ಬೇಕಾದಾಗ ಹಾಕಿಕೊಳ್ಳುವುದು, ಬೇರೆ ಯಂತ್ರಕ್ಕೆ ಒಯ್ಯುವುದು, ಕೆಟ್ಟರೆ ವಾಪಸು ತರುವುದು, ಈ ಮೂರು ಕೆಲಸ ರಿಸಾಲ್ವ್‌ನಲ್ಲಿ ಹೇಗೆ ನಡೆಯುತ್ತವೆ ಎನ್ನುವುದಷ್ಟೇ ವಿಷಯ. ಮೊದಲನೆಯದು ಸೊಗಸಾಗಿ ನಡೆಯುತ್ತದೆ. ಎರಡನೆಯದರಲ್ಲಿ ರಿಸಾಲ್ವ್ ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ಬಳಕೆದಾರರನ್ನು ಸಾಕಷ್ಟು ಓಡಾಡಿಸುತ್ತದೆ. ಮೂರನೆಯದು ನೀವು ಮೊದಲೇ ಎಷ್ಟು ಜಾಗರೂಕರಾಗಿದ್ದಿರಿ ಎನ್ನುವುದರ ಮೇಲೆ ನಿಂತಿದೆ.

ತೊಂದರೆಯ ಮೂಲ ಒಂದೇ. ರಿಸಾಲ್ವ್‌ನಲ್ಲಿ ‘ಪ್ರಿಸೆಟ್’ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಜಾತಿಯ ವಸ್ತುಗಳಿವೆ. ಕೆಲವು ಪ್ರಾಜೆಕ್ಟ್ ಲೈಬ್ರರಿಯ ಒಳಗಿರುತ್ತವೆ (ಪ್ರಾಜೆಕ್ಟುಗಳನ್ನೆಲ್ಲ ಒಟ್ಟಿಗೆ ಇಡುವ ಜಾಗ, ಹಳೆಯ ಆವೃತ್ತಿಗಳಲ್ಲಿ ಇದನ್ನೇ ಡೇಟಾಬೇಸ್ ಎನ್ನುತ್ತಿದ್ದರು). ಕೆಲವು ಆ ಕಂಪ್ಯೂಟರಿನ ಬಳಕೆದಾರ ಖಾತೆಯಲ್ಲಿ, ಇನ್ನು ಕೆಲವು ಡಿಸ್ಕಿನ ಫೋಲ್ಡರಿನಲ್ಲಿ ಬಿಡಿ ಫೈಲುಗಳಾಗಿ. ಯಾವುದು ಎಲ್ಲಿದೆ ಎಂದು ಗೊತ್ತಿಲ್ಲದವರು ಹೊಸ ಲೈಬ್ರರಿ ಮಾಡಿದ ದಿನ ‘ನನ್ನ ಪ್ರಿಸೆಟ್ ಎಲ್ಲಾ ಹೋಯ್ತು’ ಎನ್ನುತ್ತಾರೆ. ಅವು ಹೋಗಿರುವುದಿಲ್ಲ, ಹಳೆಯ ಲೈಬ್ರರಿಯಲ್ಲೇ ಇರುತ್ತವೆ.

ಪ್ರಾಜೆಕ್ಟ್ ಪ್ರಿಸೆಟ್

ಪ್ರಿಸೆಟ್ಸ್ ಪುಟದಲ್ಲಿ ಶುರುವಿಗೆ ಕಾಣುವುದು ಸದ್ಯದ ಪ್ರಾಜೆಕ್ಟ್, ‘ಸಿಸ್ಟಮ್ ಕಾನ್ಫಿಗ್’ ಮತ್ತು ‘ಗೆಸ್ಟ್ ಡಿಫಾಲ್ಟ್ ಕಾನ್ಫಿಗ್’. ಎರಡನೆಯದು ಕಂಪನಿಯ ಕಾರ್ಖಾನೆ ಸೆಟ್ಟಿಂಗ್. ಮೂರನೆಯದು ಹೊಸ ಪ್ರಾಜೆಕ್ಟ್ ಮಾಡಿದಾಗಲೆಲ್ಲ ತಾನಾಗಿ ಬಂದು ಕೂರುವಂಥದ್ದು. ನೀವು ಬದಲಿಸಬೇಕಾದದ್ದು ಈ ಮೂರನೆಯದನ್ನು.

ಕ್ರಮ ಹೀಗೆ. ಮಾಧ್ಯಮ ಏನೂ ಇಲ್ಲದ ಖಾಲಿ ಪ್ರಾಜೆಕ್ಟ್ ತೆರೆಯಿರಿ. ಮಾಸ್ಟರ್ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ 1920 × 1080, ಟೈಮ್‌ಲೈನ್ ಫ್ರೇಮ್ ರೇಟ್ 25, ಪ್ಲೇಬ್ಯಾಕ್ ಫ್ರೇಮ್ ರೇಟ್ 25. ಇಮೇಜ್ ಸ್ಕೇಲಿಂಗ್‌ನಲ್ಲಿ ಅಳತೆ ಹೊಂದದ ದೃಶ್ಯಗಳಿಗೆ ಏನು ಮಾಡಬೇಕೆಂದು ಆರಿಸಿ. ಅಡ್ಡ ವಿಡಿಯೊಗೆ ‘ಇಡೀ ಚಿತ್ರ ಹಿಡಿಸುವಂತೆ’ ಎನ್ನುವ ಆಯ್ಕೆ ಸರಿ. ರೀಲ್ಸ್‌ಗಾಗಿ 1080 × 1920 ಪ್ರಿಸೆಟ್ ಮಾಡುವುದಾದರೆ ‘ಪೂರ್ಣ ಫ್ರೇಮ್ ತುಂಬಿ ಅಂಚು ಕತ್ತರಿಸು’ ಎನ್ನುವುದು ಕೆಲಸಕ್ಕೆ ಬರುತ್ತದೆ, ಇಲ್ಲದಿದ್ದರೆ ಪ್ರತಿ ಅಡ್ಡ ಕ್ಲಿಪ್ಪಿನ ಮೇಲೂ ಕೆಳಗೂ ಕಪ್ಪು ಪಟ್ಟಿ ಬಂದು ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ಪ್ರಿಸೆಟ್ಸ್ ಪುಟಕ್ಕೆ ಹೋಗಿ ‘ಸೇವ್ ಆ್ಯಸ್’ ಒತ್ತಿ ಹೆಸರು ಕೊಡಿ. ಇದೇ ಸೆಟ್ಟಿಂಗ್ ಎಲ್ಲ ಹೊಸ ಪ್ರಾಜೆಕ್ಟಿಗೂ ಬೇಕಿದ್ದರೆ, ಕಿಟಕಿಯ ಬಲ ಮೇಲ್ತುದಿಯ ಮೂರು ಚುಕ್ಕಿ ಒತ್ತಿ, ಈಗಿನ ಸೆಟ್ಟಿಂಗನ್ನು ಡಿಫಾಲ್ಟ್ ಮಾಡುವ ಆಯ್ಕೆ ಹಿಡಿಯಿರಿ.

25 ಯಾಕೆ ಎಂದರೆ, ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಕಲ್ಯಾಣ ಮಂಟಪದ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸರಗಳ ಕೆಳಗೆ 25 ಫ್ರೇಮ್, 1/50 ಶಟರ್ ಇಟ್ಟು ತೆಗೆದರೆ ಚಿತ್ರ ಮಿನುಗುವ ಕಾಟ ಕಡಿಮೆ. 30 ಫ್ರೇಮ್, 1/60 ಇಟ್ಟು ತೆಗೆದದ್ದರಲ್ಲಿ ಹಿನ್ನೆಲೆಯ ಗೋಡೆ ಉಸಿರಾಡಿದಂತೆ ಕಾಣುವುದು ಇದೇ ಕಾರಣಕ್ಕೆ. ಕ್ಯಾಮೆರಾ 25ರಲ್ಲಿದ್ದರೆ ಪ್ರಿಸೆಟ್ಟೂ 25ರಲ್ಲೇ ಇರಲಿ.

ಈಗ ಎಲ್ಲರೂ ಎಡವುವ ಜಾಗ. 25ರ ಪ್ರಿಸೆಟ್ ಹಾಕಿಕೊಂಡು ಮೊದಲ ಕ್ಲಿಪ್ಪನ್ನು ಮೀಡಿಯಾ ಪೂಲ್‌ಗೆ (ಪ್ರಾಜೆಕ್ಟಿನ ಕ್ಲಿಪ್ಪುಗಳೆಲ್ಲ ಇರುವ ಜಾಗ) ಎಳೆದು ಬಿಡುತ್ತೀರಿ. ಆ ಕ್ಲಿಪ್ ಯಾರದೋ ಮೊಬೈಲಿನಲ್ಲಿ 30 ಫ್ರೇಮಿನಲ್ಲಿ ತೆಗೆದದ್ದಾದರೆ ಒಂದು ಪುಟ್ಟ ಕಿಟಕಿ ಎದ್ದು, ಪ್ರಾಜೆಕ್ಟಿನ ಫ್ರೇಮ್ ರೇಟನ್ನು ಕ್ಲಿಪ್ಪಿಗೆ ತಕ್ಕಂತೆ ಬದಲಿಸಲೇ ಎಂದು ಕೇಳುತ್ತದೆ. ಅವಸರದಲ್ಲಿ ‘ಚೇಂಜ್’ ಒತ್ತಿದಿರೋ, ಪ್ರಿಸೆಟ್ಟಿನ ಕಥೆ ಅಲ್ಲಿಗೆ ಮುಗಿಯಿತು. ಪ್ರಾಜೆಕ್ಟ್ 30ಕ್ಕೆ ಹೋಗಿ ಬೀಗ ಬೀಳುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟಿನ ಜಾಗ ಮಂಕಾಗಿ ಕಾಣುತ್ತದೆ, ಒತ್ತಿದರೂ ಏಳುವುದಿಲ್ಲ. ಒತ್ತಬೇಕಾದದ್ದು ‘ಡೋಂಟ್ ಚೇಂಜ್’. ಆಗಲೇ ತಪ್ಪಿದ್ದರೆ ಹೊಸ ಟೈಮ್‌ಲೈನ್ ಮಾಡುವಾಗ (ಕಂಟ್ರೋಲ್ ಮತ್ತು ಎನ್) ‘ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್’ ಎಂಬ ಗುರುತನ್ನು ತೆಗೆದು, ಫಾರ್ಮ್ಯಾಟ್ ಪುಟದಲ್ಲಿ 25 ಹಾಕಿ. ಆ ಒಂದು ಟೈಮ್‌ಲೈನಾದರೂ ದಾರಿಗೆ ಬರುತ್ತದೆ.

ಇದೇ ಗುರುತಿನಿಂದ ಇನ್ನೊಂದು ಗೊಂದಲವೂ ಹುಟ್ಟುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗಿನಿಂದ ಬೇರ್ಪಟ್ಟ ಟೈಮ್‌ಲೈನ್ ಮೇಲೆ ಪ್ರಾಜೆಕ್ಟ್ ಪ್ರಿಸೆಟ್ಟಿನ ಅಧಿಕಾರ ನಡೆಯುವುದಿಲ್ಲ. ಪ್ರಿಸೆಟ್ ಲೋಡ್ ಮಾಡಿದರೂ ಏನೂ ಬದಲಾಗಲಿಲ್ಲ ಎನ್ನುವವರು ಮೊದಲು ಟೈಮ್‌ಲೈನ್ ಸೆಟ್ಟಿಂಗ್ಸ್ ತೆರೆದು ನೋಡಲಿ.

ಪ್ರಾಜೆಕ್ಟ್ ಪ್ರಿಸೆಟ್ ಹೊರದ ಸಾಮಾನುಗಳೂ ಇವೆ. ಬಿನ್‌ಗಳು (ಕ್ಲಿಪ್ಪುಗಳನ್ನು ವಿಂಗಡಿಸಿಡುವ ಫೋಲ್ಡರುಗಳು), ಟೈಮ್‌ಲೈನ್‌ಗಳು ಅದರಲ್ಲಿ ಬರುವುದಿಲ್ಲ. ಹೊಸ ಟೈಮ್‌ಲೈನಿಗೆ ಎಷ್ಟು ಟ್ರ್ಯಾಕ್ ಇರಬೇಕು, ಸ್ಥಿರಚಿತ್ರ ಎಷ್ಟು ಸೆಕೆಂಡ್ ನಿಲ್ಲಬೇಕು, ಟ್ರಾನ್ಸಿಷನ್ ಎಷ್ಟು ಉದ್ದ ಇರಬೇಕು ಎನ್ನುವ ಸಣ್ಣ ಸೆಟ್ಟಿಂಗುಗಳು ಪ್ರಾಜೆಕ್ಟಿನವೇ ಅಲ್ಲ. ಅವು ಪ್ರಿಫರೆನ್ಸಸ್ ಕಿಟಕಿಯ (ಕಂಟ್ರೋಲ್ ಮತ್ತು ಅಲ್ಪವಿರಾಮ) ಯೂಸರ್ ವಿಭಾಗದಲ್ಲಿ ಎಡಿಟಿಂಗ್ ಪುಟದಲ್ಲಿವೆ. ಎರಡು ಕಿಟಕಿಯ ನಡುವೆ ಈ ಹಂಚಿಕೆ ಯಾಕೆ ಎಂದು ಕೇಳಿದರೆ ಸಮಾಧಾನದ ಉತ್ತರ ಸಿಗುವುದಿಲ್ಲ. ಟ್ರಾನ್ಸಿಷನ್ನಿನ ಉದ್ದ ಎಡಿಟರ್‌ನ ಅಭ್ಯಾಸ ಎನ್ನಬಹುದು. ಆದರೆ ಟ್ರ್ಯಾಕ್‌ಗಳ ಸಂಖ್ಯೆ ಕೆಲಸದಿಂದ ಕೆಲಸಕ್ಕೆ ಬದಲಾಗುವಂಥದ್ದು. ಸಂದರ್ಶನಕ್ಕೆ ಬೇಕಾದಷ್ಟು ಮದುವೆಗೆ ಸಾಲದು.

ಹಾಗಾಗಿ ಬಿನ್‌ಗಳೂ ಟ್ರ್ಯಾಕ್‌ಗಳೂ ಸೇರಿ ಇಡೀ ಮನೆ ಸಿದ್ಧವಿರಬೇಕು ಎನ್ನುವವರಿಗೆ ಪ್ರಿಸೆಟ್‌ಗಿಂತ ಮಾದರಿ ಪ್ರಾಜೆಕ್ಟೇ ಮೇಲು. ಖಾಲಿ ಪ್ರಾಜೆಕ್ಟಿನಲ್ಲಿ ‘ಕ್ಯಾಮೆರಾ 1’, ‘ಕ್ಯಾಮೆರಾ 2’, ‘ಆಡಿಯೊ’, ‘ಸಂಗೀತ’, ‘ಗ್ರಾಫಿಕ್ಸ್’ ಬಿನ್‌ಗಳನ್ನು ಮಾಡಿ, ಟ್ರ್ಯಾಕ್‌ಗಳಿಗೆ ಹೆಸರು ಕೊಟ್ಟ ಖಾಲಿ ಟೈಮ್‌ಲೈನ್ ಇಟ್ಟು, ಪ್ರಾಜೆಕ್ಟ್ ಮ್ಯಾನೇಜರ್‌ನಿಂದ (ಶಿಫ್ಟ್ ಮತ್ತು 1) ಎಕ್ಸ್‌ಪೋರ್ಟ್ ಮಾಡಿ. ಡಿಆರ್‌ಪಿ ಹೆಸರಿನ ಪುಟ್ಟ ಫೈಲ್ ಬರುತ್ತದೆ. ಪ್ರತಿ ಹೊಸ ಕೆಲಸಕ್ಕೂ ಅದನ್ನೇ ಇಂಪೋರ್ಟ್ ಮಾಡಿ ಹೆಸರು ಬದಲಿಸಿದರಾಯಿತು. ಇದು ಯಂತ್ರದಿಂದ ಯಂತ್ರಕ್ಕೆ ಸಲೀಸಾಗಿ ಹೋಗುತ್ತದೆ. ಪ್ರಾಜೆಕ್ಟ್ ಪ್ರಿಸೆಟ್ ಹಾಗೆ ಹೋಗುವುದಿಲ್ಲ, ಅದರ ಮನೆ ಲೈಬ್ರರಿಯೊಳಗೆ.

ಮಾದರಿ ಪ್ರಾಜೆಕ್ಟ್ ಒಯ್ದರೂ, ಪ್ರಿಸೆಟ್ ಹಾಕಿದರೂ, ಒಂದು ಕಡೆ ಕಣ್ಣಾಡಿಸಲೇಬೇಕು. ಮಾಸ್ಟರ್ ಸೆಟ್ಟಿಂಗ್ಸ್‌ನ ಕೆಳಭಾಗದಲ್ಲಿ ವರ್ಕಿಂಗ್ ಫೋಲ್ಡರ್ಸ್ ಎಂದಿದೆ. ಕ್ಯಾಶ್ (ಪ್ಲೇಬ್ಯಾಕ್ ಸರಾಗವಾಗಲು ಬರೆದಿಡುವ ತಾತ್ಕಾಲಿಕ ಫೈಲುಗಳು), ಪ್ರಾಕ್ಸಿ (ಎಡಿಟಿಗೆಂದು ಮಾಡಿದ ಹಗುರ ನಕಲು), ಗ್ಯಾಲರಿ ಸ್ಟಿಲ್‌ಗಳು ಎಲ್ಲಿ ಕೂರಬೇಕೆಂದು ಹೇಳುವುದು ಅದೇ. ನಿಮ್ಮ ಯಂತ್ರದಲ್ಲಿ ಕ್ಯಾಶ್ ಇ ಡ್ರೈವಿನ ಎಸ್‌ಎಸ್‌ಡಿಯಲ್ಲಿದ್ದು, ಇನ್ನೊಂದು ಯಂತ್ರದಲ್ಲಿ ಇ ಡ್ರೈವೇ ಇಲ್ಲದಿದ್ದರೆ ಅಲ್ಲಿ ಕ್ಯಾಶ್ ಬರೆಯಲು ಜಾಗವಿರುವುದಿಲ್ಲ. ಪ್ಲೇಬ್ಯಾಕ್ ತಡವರಿಸುತ್ತದೆ, ತಪ್ಪು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬರುತ್ತದೆ.

ರೆಂಡರ್ ಪ್ರಿಸೆಟ್

ಎಡಿಟ್ ಮುಗಿದ ವಿಡಿಯೊವನ್ನು ಅಂತಿಮ ಫೈಲಾಗಿ ಹೊರತೆಗೆಯುವುದೇ ರೆಂಡರ್. ರಿಸಾಲ್ವ್‌ನ ಪ್ರಿಸೆಟ್ ವ್ಯವಸ್ಥೆಯಲ್ಲಿ ಹೆಚ್ಚು ಅಚ್ಚುಕಟ್ಟಾದ ಭಾಗ ಇದು. ಡೆಲಿವರ್ ಪುಟದ ಎಡ ಮೇಲೆ ಎಚ್.264 ಮಾಸ್ಟರ್, ಪ್ರೋರೆಸ್, ಯೂಟ್ಯೂಬ್, ವಿಮಿಯೊ ಮುಂತಾದ ಸಿದ್ಧ ಪ್ರಿಸೆಟ್‌ಗಳು ಸಾಲಾಗಿ ಕಾಣುತ್ತವೆ. ನಿಮ್ಮದನ್ನು ಸೇರಿಸಲು ಬೇಕಾದ ಸೆಟ್ಟಿಂಗ್ ಹಾಕಿ, ಮೂರು ಚುಕ್ಕಿಯ ಮೆನುವಿನಲ್ಲಿ ಹೊಸ ಪ್ರಿಸೆಟ್ ಆಗಿ ಉಳಿಸಿದರೆ ಸಾಕು, ಸಾಲಿನಲ್ಲಿ ಬಂದು ನಿಲ್ಲುತ್ತದೆ. ಅದೇ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿದರೆ ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಸಹೋದ್ಯೋಗಿಗೆ ವಾಟ್ಸಾಪಿನಲ್ಲಿ ಕಳಿಸುವಷ್ಟು ಚಿಕ್ಕದು. ಕ್ವಿಕ್ ಎಕ್ಸ್‌ಪೋರ್ಟ್ ಪಟ್ಟಿಗೂ ಸೇರಿಸಬಹುದು. ಆಗ ಡೆಲಿವರ್ ಪುಟಕ್ಕೆ ಹೋಗದೆಯೇ ಫೈಲ್ ಮೆನುವಿನಿಂದ ರೆಂಡರ್ ಮುಗಿಯುತ್ತದೆ.

ಉದಾಹರಣೆಗೆ ಒಂದು ಪ್ರಿಸೆಟ್ಟನ್ನು ಪೂರ್ತಿ ಕಟ್ಟಿ ನೋಡೋಣ. ಮದುವೆ ಸ್ಟುಡಿಯೊಗಳು ಗಿರಾಕಿಗೆ ಪೆನ್‌ಡ್ರೈವ್ ಕೊಡುತ್ತವೆ, ಅದನ್ನು ಮನೆಯವರು ನೇರ ಟಿವಿಗೆ ಚುಚ್ಚುತ್ತಾರೆ. ಫಾರ್ಮ್ಯಾಟ್ ಎಂಪಿ4, ಕೋಡೆಕ್ (ವಿಡಿಯೊ ಹಿಂಡುವ ವಿಧಾನ) ಎಚ್.264, ರೆಸಲ್ಯೂಷನ್ 1920 × 1080, ಕ್ವಾಲಿಟಿಯಲ್ಲಿ ‘ರಿಸ್ಟ್ರಿಕ್ಟ್’ ಆರಿಸಿ 15000 ಕಿಲೊಬಿಟ್, ಆಡಿಯೊ ಎಎಸಿ. ಎಚ್.265 ಹಾಕಿದರೆ ಫೈಲ್ ಚಿಕ್ಕದಾಗುವುದು ನಿಜ, ಆದರೆ ಹಳೆಯ ಟಿವಿಗಳಲ್ಲಿ ಚಿತ್ರ ಬಾರದೆ ಫೋನ್ ಬರುತ್ತದೆ. ಸೆಕೆಂಡಿಗೆ 15 ಮೆಗಾಬಿಟ್ ಎಂದರೆ ನಿಮಿಷಕ್ಕೆ ಸುಮಾರು 112 ಎಂಬಿ. 3 ಗಂಟೆಯ ಮದುವೆ ಸುಮಾರು 20 ಜಿಬಿ, 32 ಜಿಬಿ ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ. ಆದರೆ 32 ಜಿಬಿ ಡ್ರೈವ್‌ಗಳು ಸಾಮಾನ್ಯವಾಗಿ ಎಫ್‌ಎಟಿ32 ಎಂಬ ಫೈಲ್ ವ್ಯವಸ್ಥೆಯಲ್ಲಿ ಬರುತ್ತವೆ. ಆ ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 15 ಮೆಗಾಬಿಟ್ಟಿಗೆ ಅದು ಸುಮಾರು 38 ನಿಮಿಷ. ಜಾಗ ಖಾಲಿ ಇದ್ದರೂ ಕಾಪಿ ಆಗುತ್ತಿಲ್ಲ ಎನ್ನುವ ದೂರಿನ ಹಿಂದೆ ಇರುವುದು ಇದೇ ಲೆಕ್ಕ. ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಬಹುದು, ಆದರೆ ಕೆಲವು ಹಳೆಯ ಟಿವಿಗಳು ಅದನ್ನು ಓದುವುದಿಲ್ಲ. 35 ನಿಮಿಷಕ್ಕೊಂದು ಭಾಗ ಮಾಡಿ ‘ಧಾರೆ’, ‘ಆರತಕ್ಷತೆ’ ಎಂದು ಒಡೆದು ಕೊಡುವುದು ನೆಮ್ಮದಿಯ ದಾರಿ.

ಯೂಟ್ಯೂಬ್‌ಗೆ ಬೇರೆ ಪ್ರಿಸೆಟ್ ಇರಲಿ. 1080ಪಿ, 25 ಫ್ರೇಮಿಗೆ ಯೂಟ್ಯೂಬ್ ತಾನೇ ಸೂಚಿಸುವುದು 8 ಮೆಗಾಬಿಟ್, 50 ಫ್ರೇಮಿಗೆ 12, 4ಕೆ ಮತ್ತು 25 ಫ್ರೇಮಿಗೆ 35ರಿಂದ 45. ಅವರು ಅದನ್ನು ಮತ್ತೆ ಹಿಂಡುತ್ತಾರಾದ್ದರಿಂದ ಇಂಟರ್‌ನೆಟ್ ವೇಗ ಇದ್ದರೆ ಸ್ವಲ್ಪ ಹೆಚ್ಚೇ ಇಡಿ. 1080ಪಿಗೆ 20 ಇಟ್ಟರೆ ನಿಮಿಷಕ್ಕೆ 150 ಎಂಬಿ.

ರೆಂಡರ್ ಪ್ರಿಸೆಟ್ ಕೆಡುವುದು ಬಹುತೇಕ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಎಂಬ ಮುಚ್ಚಿದ ಪೆಟ್ಟಿಗೆಯಲ್ಲಿ. ಅಲ್ಲಿ ಡೇಟಾ ಲೆವಲ್ಸ್ (ಕಪ್ಪು ಬಿಳುಪಿನ ಮಟ್ಟ) ‘ಆಟೋ’ದಲ್ಲಿರಬೇಕು. ಯಾವುದೋ ವಿಡಿಯೊ ಪಾಠ ನೋಡಿ ‘ಫುಲ್’ ಮಾಡಿ, ಹಾಗೇ ಪ್ರಿಸೆಟ್ ಉಳಿಸಿದರೆ ಅಂದಿನಿಂದ ಹೊರಬಂದ ವಿಡಿಯೊಗಳಲ್ಲೆಲ್ಲ ನೆರಳು ಮಸಿಯಾಗಿ, ಬಿಳಿ ಸುಣ್ಣವಾಗಿ ಕಾಣುತ್ತದೆ. ಎಡಿಟ್ ಕಿಟಕಿಯಲ್ಲಿ ಸರಿಯಿದ್ದದ್ದು ಫೋನಿನಲ್ಲಿ ಕೆಟ್ಟಿದ್ದರೆ ಮೊದಲು ಇದನ್ನು ನೋಡಿ. ಎರಡನೆಯದು ‘ಯೂಸ್ ಪ್ರಾಕ್ಸಿ ಮೀಡಿಯಾ’ ಎಂಬ ಗುರುತು. ಡ್ರಾಫ್ಟ್ ಬೇಗ ಕಳಿಸಲು ಅದನ್ನು ಹಾಕಿ, ಆ ಪ್ರಿಸೆಟ್ಟಿನಲ್ಲೇ ಉಳಿದುಬಿಟ್ಟರೆ ಅಂತಿಮ ಪ್ರತಿಯೂ ಮಬ್ಬು ಪ್ರಾಕ್ಸಿಯಿಂದಲೇ ಹೊರಬರುತ್ತದೆ. ರೆಸಲ್ಯೂಷನ್ 1080 ಎಂದೇ ತೋರಿಸುತ್ತದೆ, ಮುಖದ ಚರ್ಮ ಮಾತ್ರ ಮೇಣದಂತಿರುತ್ತದೆ. ಡ್ರಾಫ್ಟಿಗೂ ಅಂತಿಮಕ್ಕೂ ಎರಡು ಬೇರೆ ಪ್ರಿಸೆಟ್ ಇಡಿ, ಹೆಸರಿನಲ್ಲೇ ‘ಡ್ರಾಫ್ಟ್’ ಎಂದಿರಲಿ.

ಎನ್‌ಕೋಡರ್ ಆಯ್ಕೆಯೂ ಅಷ್ಟೇ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಎಂದು ಗಟ್ಟಿಮಾಡಿ ಉಳಿಸಿದ ಪ್ರಿಸೆಟ್ಟನ್ನು ಆ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಒಯ್ದರೆ ಅರ್ಥವಿಲ್ಲ. ಹಂಚುವ ಪ್ರಿಸೆಟ್‌ಗಳಲ್ಲಿ ಅದನ್ನು ಆಟೋದಲ್ಲಿ ಬಿಡುವುದು ಒಳ್ಳೆಯದು.

ಇನ್ನೊಂದು ಗಮನಿಸಿ: ಪ್ರಿಸೆಟ್ ಹಾಕಿಕೊಂಡು ಬಿಟ್‌ರೇಟ್ ಬದಲಿಸಿದರೆ ಬದಲಾಗುವುದು ಈ ಒಂದು ರೆಂಡರ್‌ಗೆ ಮಾತ್ರ. ಪ್ರಿಸೆಟ್ಟೇ ಬದಲಾಗಬೇಕಿದ್ದರೆ ಮೂರು ಚುಕ್ಕಿಯ ಮೆನುವಿನಲ್ಲಿ ‘ಅಪ್‌ಡೇಟ್’ ಮಾಡಬೇಕು. ಇದು ದೋಷವಲ್ಲ, ಒಳ್ಳೆಯ ರಕ್ಷಣೆ. ಡಿಫಾಲ್ಟ್ ಪ್ರಾಜೆಕ್ಟ್ ಪ್ರಿಸೆಟ್ಟೂ ಮೆನುವಿನಿಂದಲೇ ಬದಲಾಗುತ್ತದೆ, ಆದರೂ ಅಲ್ಲಿ ಎಚ್ಚರ ಬೇಕು. ನಾಲ್ಕು ಜನ ಕೂರುವ ಸ್ಟುಡಿಯೊದಲ್ಲಿ ಯಾರೋ ರೀಲ್ಸ್ ಮಾಡಿ ಹೋದವರು ಡಿಫಾಲ್ಟನ್ನೇ ಉದ್ದುದ್ದ ಮಾಡಿ ಹೋಗಿರುತ್ತಾರೆ, ಮರುದಿನದ ಮದುವೆ ಪ್ರಾಜೆಕ್ಟೂ ರೀಲ್ಸಿನಂತೆ ಉದ್ದಕ್ಕೆ ನಿಂತಿರುತ್ತದೆ.

ಕೀಬೋರ್ಡ್ ಮತ್ತು ಪರದೆಯ ವಿನ್ಯಾಸ

ಕಂಟ್ರೋಲ್, ಆಲ್ಟ್, ಕೆ ಮೂರನ್ನೂ ಒತ್ತಿದರೆ ಕೀಬೋರ್ಡ್ ಕಸ್ಟಮೈಸೇಷನ್. ಪ್ರೀಮಿಯರ್ ಪ್ರೊ, ಫೈನಲ್ ಕಟ್, ಆವಿಡ್‌ನಿಂದ ಬಂದವರಿಗೆ ಆಯಾ ಸಾಫ್ಟ್‌ವೇರಿನ ಕೀಗಳು ಸಿದ್ಧವಾಗಿವೆ. ರಿಸಾಲ್ವ್‌ನ ಸ್ವಂತ ಜೋಡಣೆಯಲ್ಲಿ ಕ್ಲಿಪ್ ಕತ್ತರಿಸುವ ಬ್ಲೇಡ್ ಬಿ, ಸೆಲೆಕ್ಷನ್ ಎ. ಪ್ರೀಮಿಯರ್ ಜೋಡಣೆಯಲ್ಲಿ ಅದೇ ಕೆಲಸದ ರೇಜರ್ ಸಿ. ಸಿದ್ಧ ಜೋಡಣೆಯನ್ನು ನೇರ ತಿದ್ದುವಂತಿಲ್ಲ, ತಿದ್ದಿದರೆ ಹೊಸ ಹೆಸರಿನಲ್ಲಿ ಉಳಿಸಬೇಕು. ಎಕ್ಸ್‌ಪೋರ್ಟ್ ಮಾಡಿದರೆ ಸರಳ ಟೆಕ್ಸ್ಟ್ ಫೈಲ್ ಸಿಗುತ್ತದೆ. ಇದು ಲೈಬ್ರರಿಯಲ್ಲಲ್ಲ, ಆ ಯಂತ್ರದ ಬಳಕೆದಾರ ಖಾತೆಯಲ್ಲಿರುತ್ತದೆ, ಹಾಗಾಗಿ ವಿಂಡೋಸ್ ಮರುಸ್ಥಾಪನೆಗೆ ಮೊದಲು ಈ ಟೆಕ್ಸ್ಟ್ ಫೈಲನ್ನು ಹೊರಗೆ ತೆಗೆದಿಡಿ. ಕನ್ನಡ ಟೈಪಿಂಗ್ ತಂತ್ರಾಂಶ ಚಾಲೂ ಇದ್ದಾಗ ಪ್ಲೇಬ್ಯಾಕಿನ ಜೆ, ಕೆ, ಎಲ್ ಕೀಗಳು ಮಾತು ಕೇಳದಿರಬಹುದು. ಟೈಟಲ್ ಟೈಪ್ ಮಾಡಿ ಇಂಗ್ಲಿಷಿಗೆ ಮರಳದೆ ‘ಪ್ರಿಸೆಟ್ ಕೆಟ್ಟಿದೆ’ ಎಂದು ಅಳಿಸಬೇಡಿ.

ಪರದೆಯ ವಿನ್ಯಾಸ ವರ್ಕ್‌ಸ್ಪೇಸ್ ಮೆನುವಿನ ಲೇಔಟ್ ಪ್ರಿಸೆಟ್ಸ್‌ನಲ್ಲಿದೆ. ಎಡಿಟಿಗೆ ಒಂದು, ಎರಡು ಮಾನಿಟರಿಗೆ ಒಂದು ಇದ್ದರೆ ಸಾಕು. ಕಿಟಕಿಗಳು ಕಾಣೆಯಾದರೆ ಅದೇ ಮೆನುವಿನ ‘ರಿಸೆಟ್ ಯುಐ ಲೇಔಟ್’.

ಬಣ್ಣ, ಟೈಟಲ್, ಧ್ವನಿ

ಬಣ್ಣದ ಪ್ರಿಸೆಟ್ ಎಂದರೆ ರಿಸಾಲ್ವ್‌ನಲ್ಲಿ ಪವರ್‌ಗ್ರೇಡ್. ಕಲರ್ ಪುಟದಲ್ಲಿ ಸ್ಟಿಲ್ (ಗ್ರೇಡ್, ಅಂದರೆ ಬಣ್ಣದ ತಿದ್ದುಪಡಿ ಸಮೇತ ಒಂದು ಫ್ರೇಮ್) ಹಿಡಿದು, ಗ್ಯಾಲರಿಯ ಪವರ್‌ಗ್ರೇಡ್ ಆಲ್ಬಮ್ಮಿಗೆ ಎಳೆದು ಬಿಟ್ಟರೆ ಅದೇ ಲೈಬ್ರರಿಯ ಎಲ್ಲ ಪ್ರಾಜೆಕ್ಟುಗಳಿಗೂ ಸಿಗುತ್ತದೆ. ಮಾಮೂಲಿ ಸ್ಟಿಲ್ ಆಲ್ಬಮ್ಮಿನಲ್ಲಿ ಬಿಟ್ಟರೆ ಆ ಪ್ರಾಜೆಕ್ಟಿಗೆ ಮಾತ್ರ. ಎರಡೂ ಆಲ್ಬಮ್ ನೋಡಲು ಒಂದೇ ತರಹ, ಹಾಗಾಗಿ ತಪ್ಪು ಕಡೆ ಇಟ್ಟು ಹುಡುಕುವವರು ಬಹಳ. ಹೊರಗೆ ಒಯ್ಯಬೇಕಿದ್ದರೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್. ಒಂದು ಚಿತ್ರದ ಫೈಲ್, ಒಂದು ಡಿಆರ್‌ಎಕ್ಸ್ ಫೈಲ್ ಜೋಡಿಯಾಗಿ ಬರುತ್ತವೆ. ಎರಡನ್ನೂ ಒಟ್ಟಿಗೆ ಒಯ್ಯಿರಿ. ಚಿತ್ರ ಮಾತ್ರ ಒಯ್ದರೆ ಬರೀ ಫೋಟೊ, ಅದರಲ್ಲಿ ಗ್ರೇಡ್ ಇಲ್ಲ.

ಗ್ರೇಡಿನಲ್ಲಿ ಎಲ್‌ಯುಟಿ (ಬಣ್ಣ ಬದಲಿಸುವ ಸಿದ್ಧ ಕೋಷ್ಟಕದ ಫೈಲ್) ಬಳಸಿದ್ದರೆ ಅದು ಡಿಆರ್‌ಎಕ್ಸ್ ಒಳಗೆ ತುಂಬಿಕೊಂಡು ಬರುವುದಿಲ್ಲ. ಎಲ್‌ಯುಟಿಯ ಕ್ಯೂಬ್ ಫೈಲನ್ನು ಪ್ರತ್ಯೇಕ ಕಾಪಿ ಮಾಡಬೇಕು. ವಿಂಡೋಸ್‌ನಲ್ಲಿ ಸಿ ಡ್ರೈವಿನ ಪ್ರೋಗ್ರಾಮ್‌ಡೇಟಾದಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್, ಅದರೊಳಗೆ ಡಾವಿಂಚಿ ರಿಸಾಲ್ವ್, ಸಪೋರ್ಟ್, ಎಲ್‌ಯುಟಿ ಎಂದು ಹೋಗಬೇಕು. ಪ್ರೋಗ್ರಾಮ್‌ಡೇಟಾ ಅಡಗಿಸಿಟ್ಟ ಫೋಲ್ಡರ್, ಎಕ್ಸ್‌ಪ್ಲೋರರ್‌ನಲ್ಲಿ ಅಡಗಿದ್ದನ್ನು ತೋರಿಸುವ ಆಯ್ಕೆ ಹಾಕಿದರಷ್ಟೇ ಕಾಣುತ್ತದೆ. ಸುಲಭದ ದಾರಿ: ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಕಲರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಎಲ್‌ಯುಟಿ ಫೋಲ್ಡರ್ ತೆರೆಯುವ ಗುಂಡಿ, ಪಕ್ಕದಲ್ಲೇ ‘ಅಪ್‌ಡೇಟ್ ಲಿಸ್ಟ್ಸ್’ ಗುಂಡಿ. ಕಾಪಿ ಮಾಡಿದ ಮೇಲೆ ಎರಡನೆಯದನ್ನು ಒತ್ತದಿದ್ದರೆ ಹೊಸ ಎಲ್‌ಯುಟಿ ಪಟ್ಟಿಯಲ್ಲಿ ಬಾರದು.

ಪವರ್‌ಗ್ರೇಡ್ ಹಾಕಿದೊಡನೆ ಚಿತ್ರ ಸುಟ್ಟಂತಾದರೆ ಕಾರಣ ಹೆಚ್ಚಾಗಿ ಬಣ್ಣದ ಪರಿವರ್ತನೆ ಎರಡು ಸಲ ನಡೆದಿರುವುದು. ಗ್ರೇಡ್ ಕಟ್ಟಿದ್ದು ಬಣ್ಣದ ಪರಿವರ್ತನೆ ತಾನಾಗಿ ನಡೆಯದ ಮಾಮೂಲಿ ವೈಆರ್‌ಜಿಬಿ ಪ್ರಾಜೆಕ್ಟಿನಲ್ಲಿ, ಲಾಗ್ ಚಿತ್ರವನ್ನು (ಕ್ಯಾಮೆರಾ ಮಂಕಾಗಿ ರೆಕಾರ್ಡ್ ಮಾಡಿದ್ದು) ಸರಿಮಾಡುವ ಎಲ್‌ಯುಟಿ ಅದರೊಳಗೇ ಇದೆ. ಈಗ ಹಾಕುತ್ತಿರುವುದು ಕಲರ್ ಮ್ಯಾನೇಜ್ಡ್ ಪ್ರಾಜೆಕ್ಟಿನಲ್ಲಿ, ಅಲ್ಲಿ ಲಾಗ್ ಆಗಲೇ ಸರಿಯಾಗಿದೆ. ಒಂದನ್ನು ತೆಗೆಯಬೇಕು. ಇದಕ್ಕೇ ಪವರ್‌ಗ್ರೇಡಿನ ಹೆಸರಿನಲ್ಲಿ ಯಾವ ಕ್ಯಾಮೆರಾ, ಯಾವ ಬಗೆಯ ಪ್ರಾಜೆಕ್ಟ್ ಎಂದು ಬರೆದಿಡುವುದು. ‘ಸಿನಿಮ್ಯಾಟಿಕ್ ಲುಕ್ 2’ ಎಂಬ ಹೆಸರಿನಿಂದ ಆರು ತಿಂಗಳ ನಂತರ ಏನೂ ತಿಳಿಯದು.

ಟೈಟಲ್‌ಗಳಿಗೆ ಪವರ್ ಬಿನ್ ಬಹಳ ಒಳ್ಳೆಯ ವ್ಯವಸ್ಥೆ. ಮೀಡಿಯಾ ಪೂಲ್‌ನ ಮೂರು ಚುಕ್ಕಿಯಲ್ಲಿ ಪವರ್ ಬಿನ್ ತೋರಿಸುವ ಆಯ್ಕೆ ಹಾಕಿ, ಬಣ್ಣ, ನೆರಳು, ಅಳತೆ ಎಲ್ಲ ಹೊಂದಿಸಿದ ಟೆಕ್ಸ್ಟ್ ಪ್ಲಸ್ (ರಿಸಾಲ್ವ್‌ನ ಒಂದು ಬಗೆಯ ಟೈಟಲ್) ಕ್ಲಿಪ್ಪನ್ನು ಟೈಮ್‌ಲೈನಿನಿಂದ ಅಲ್ಲಿಗೆ ಎಳೆಯಿರಿ. ಮುಂದಿನ ಪ್ರಾಜೆಕ್ಟಿನಲ್ಲಿ ಎಳೆದು ತಂದು ಹೆಸರು ಬದಲಿಸಿದರೆ ಸಾಕು. ಲೋಗೊ, ಹಿನ್ನೆಲೆ ಸಂಗೀತ ಇತ್ಯಾದಿ ಇಡುವಾಗ ಮಾತ್ರ ನೆನಪಿರಲಿ, ಪವರ್ ಬಿನ್ ಇಟ್ಟುಕೊಳ್ಳುವುದು ಫೈಲಿನ ವಿಳಾಸವನ್ನಷ್ಟೇ. ಎಕ್ಸ್‌ಟರ್ನಲ್ ಡ್ರೈವ್ ತೆಗೆದರೆ ಎಲ್ಲ ಕೆಂಪಾಗುತ್ತವೆ.

ಕನ್ನಡ ಟೈಟಲ್ ಮಾಡುವವರಿಗೆ ಇಲ್ಲಿ ಎರಡು ಕಷ್ಟ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಕಟ್ಟಿದ ಟೈಟಲ್ಲನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಟೋಪಿ ತೊಟ್ಟ ರೋಮನ್ ಅಕ್ಷರ ಕಾಣುತ್ತವೆ, ‘ನ’ ಇದ್ದಲ್ಲಿ ಪೌಂಡ್ ಚಿಹ್ನೆ ಬಂದು ಕೂರುತ್ತದೆ. ಅದು ವೈರಸ್ ಅಲ್ಲ, ಫಾಂಟ್ ಹಾಕಿದರೆ ಸರಿಹೋಗುತ್ತದೆ. ಯೂನಿಕೋಡ್‌ನಲ್ಲಿ ಮಾಡುವುದಾದರೆ ವಿಂಡೋಸ್‌ನ ತುಂಗ, ಮ್ಯಾಕ್‌ನ ಕನ್ನಡ ಸಂಗಮ್ ಬಿಟ್ಟು, ಎರಡೂ ಕಡೆ ಹಾಕಿಕೊಳ್ಳಬಹುದಾದ ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಲೂ ತಮ್ಮ ಹಿಡಿಯಿರಿ, ಪ್ರಿಸೆಟ್ ಜೊತೆ ಫಾಂಟ್ ಫೈಲನ್ನೂ ಇಡಿ. ಎರಡನೆಯ ಕಷ್ಟ ಒತ್ತಕ್ಷರದ್ದು. ಟೆಂಪ್ಲೇಟ್ ಕಟ್ಟುವ ಮೊದಲೇ ನಿಮ್ಮ ಆವೃತ್ತಿಯಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಅರ್ಥ’ ಈ ಮೂರು ಪದ ಟೈಪ್ ಮಾಡಿ ನೋಡಿ. ಮೂರು ಹಂತದ ಒತ್ತು, ಅರ್ಕಾವೊತ್ತು ಎಲ್ಲವೂ ಅದರಲ್ಲಿ ಪರೀಕ್ಷೆಯಾಗುತ್ತವೆ. ಟೆಕ್ಸ್ಟ್ ಪ್ಲಸ್‌ನಲ್ಲಿ ಒತ್ತು ಒಡೆದರೆ ಮಾಮೂಲಿ ‘ಟೆಕ್ಸ್ಟ್’ ಟೈಟಲ್‌ನಲ್ಲಿ ನೋಡಿ. ಅಲ್ಲೂ ಒಡೆದರೆ ಟೈಟಲ್ಲನ್ನು ಹೊರಗೆ ಮಾಡಿ ಪಾರದರ್ಶಕ ಪಿಎನ್‌ಜಿಯಾಗಿ ತರುವುದೇ ಉಳಿದ ದಾರಿ.

ಧ್ವನಿಯ ಪ್ರಿಸೆಟ್‌ಗಳು ಫೇರ್‌ಲೈಟ್ ಪುಟದ ಈಕ್ಯೂ, ಡೈನಾಮಿಕ್ಸ್ ಕಿಟಕಿಗಳ ಮೇಲ್ಗಡೆಯೇ ಇವೆ, ಪ್ಲಸ್ ಒತ್ತಿ ಉಳಿಸಬಹುದು. ಮಾತಿನ ಟ್ರ್ಯಾಕಿಗೆ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಈಕ್ಯೂ ಎಲ್ಲ ಕಡೆ ನಡೆಯುತ್ತದೆ. ಜೋರಿನ ಧ್ವನಿಯನ್ನು ತಗ್ಗಿಸುವ ಕಂಪ್ರೆಸರ್ ಹಾಗಲ್ಲ. ಅದರ ಥ್ರೆಶೋಲ್ಡ್ (ಕೆಲಸ ಶುರುಮಾಡುವ ಮಟ್ಟ) ರೆಕಾರ್ಡಿಂಗ್ ಎಷ್ಟು ಜೋರಿದೆ ಎನ್ನುವುದರ ಮೇಲೆ ನಿಂತಿದೆ. ಮೊದಲು ಕ್ಲಿಪ್ಪನ್ನು ನಾರ್ಮಲೈಸ್ ಮಾಡಿ (ಧ್ವನಿಯನ್ನು ಗೊತ್ತಾದ ಮಟ್ಟಕ್ಕೆ ತಂದು), ಆಮೇಲೆ ಪ್ರಿಸೆಟ್ ಹಾಕಿ. ಇಲ್ಲದಿದ್ದರೆ ಮೆಲ್ಲಗಿನ ಧ್ವನಿಯ ಮೇಲೆ ಅದು ಏನೂ ಮಾಡುವುದಿಲ್ಲ, ಜೋರಿನದನ್ನು ಹಿಸುಕಿ ಹಾಕುತ್ತದೆ.

ಪ್ರೀಮಿಯರ್ ಜೊತೆ ಇಟ್ಟು ನೋಡಿದರೆ

ಅಡೋಬಿ ಪ್ರೀಮಿಯರ್ ಪ್ರೊದಲ್ಲಿ ಪ್ರಿಸೆಟ್‌ಗಳೆಲ್ಲ ಕಣ್ಣಿಗೆ ಕಾಣುವ ಫೈಲುಗಳು. ಡಾಕ್ಯುಮೆಂಟ್ಸ್ ಒಳಗಿನ ಅಡೋಬಿ ಫೋಲ್ಡರಿನಲ್ಲಿ ಪ್ರೀಮಿಯರ್, ಆವೃತ್ತಿ, ಪ್ರೊಫೈಲ್ ಎಂದು ಹೋದರೆ ಕೀಬೋರ್ಡ್, ಲೇಔಟ್, ಎಫೆಕ್ಟ್ ಪ್ರಿಸೆಟ್ ಅಲ್ಲೇ ಸಿಗುತ್ತವೆ. ಎಕ್ಸ್‌ಪೋರ್ಟ್ ಪ್ರಿಸೆಟ್ ಪಕ್ಕದ ಮೀಡಿಯಾ ಎನ್‌ಕೋಡರ್ ಫೋಲ್ಡರಿನಲ್ಲಿ. ಎರಡು ಫೋಲ್ಡರ್ ಕಾಪಿ ಮಾಡಿದರೆ ಹೆಚ್ಚುಕಡಿಮೆ ಸಂಸಾರವೇ ಬಂದಂತೆ. ಈ ಒಂದು ವಿಷಯದಲ್ಲಿ ಪ್ರೀಮಿಯರ್ ಸ್ಪಷ್ಟವಾಗಿ ಮುಂದಿದೆ. ಆದರೆ ಅದು ಚಂದಾದ ಮೇಲೆ ನಡೆಯುವ ಸಾಫ್ಟ್‌ವೇರ್. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಇಲ್ಲಿ ಹೇಳಿದ ಪ್ರಿಸೆಟ್ ಸೌಲಭ್ಯಗಳು ಸಿಗುತ್ತವೆ, ಸ್ಟುಡಿಯೊ ಆವೃತ್ತಿಗೆ ಒಮ್ಮೆ 295 ಡಾಲರ್ ಕೊಟ್ಟರಾಯಿತು. ಸ್ಟುಡಿಯೊದಲ್ಲಿ ಕಟ್ಟಿದ ಪವರ್‌ಗ್ರೇಡಿನಲ್ಲಿ ನಾಯ್ಸ್ ರಿಡಕ್ಷನ್‌ನಂಥ ಸ್ಟುಡಿಯೊ ಎಫೆಕ್ಟ್ ಇದ್ದರೆ ಉಚಿತ ಆವೃತ್ತಿಯಲ್ಲಿ ಅದು ಪೂರ್ತಿ ನಡೆಯುವುದಿಲ್ಲ. ಹಂಚಿಕೊಳ್ಳುವ ಗ್ರೇಡುಗಳಲ್ಲಿ ಅವನ್ನು ಬೇರೆ ನೋಡ್‌ನಲ್ಲಿ (ಗ್ರೇಡಿನ ಒಂದು ಹಂತ) ಇಡಿ, ಬೇಡದವರು ಆ ನೋಡ್ ಆಫ್ ಮಾಡಿಕೊಳ್ಳಲಿ.

ಹೊಸ ಯಂತ್ರಕ್ಕೆ ಹೋಗುವಾಗ ಹಿಡಿಯಬೇಕಾದ ಕ್ರಮ ಇದು. ಹಳೆಯ ಯಂತ್ರದಲ್ಲಿ ಮೊದಲು ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಲೈಬ್ರರಿಯ ಬ್ಯಾಕಪ್ ತೆಗೆಯಿರಿ. ಪ್ರಾಜೆಕ್ಟ್ ಪ್ರಿಸೆಟ್, ಪವರ್‌ಗ್ರೇಡ್, ಪವರ್ ಬಿನ್ ಅದರ ಜೊತೆ ಬರುತ್ತವೆ. ರೆಂಡರ್ ಪ್ರಿಸೆಟ್‌ಗಳನ್ನು ಒಂದೊಂದಾಗಿ ಎಕ್ಸ್‌ಎಂಎಲ್ ಮಾಡಿ, ಕೀಬೋರ್ಡ್ ಟೆಕ್ಸ್ಟ್ ಫೈಲ್ ಮತ್ತು ಲೇಔಟ್ ಎಕ್ಸ್‌ಪೋರ್ಟ್ ಮಾಡಿ. ಎಲ್‌ಯುಟಿ ಫೋಲ್ಡರ್, ಟೈಟಲ್ ಟೆಂಪ್ಲೇಟುಗಳ ಸೆಟ್ಟಿಂಗ್ ಫೈಲುಗಳು, ಫಾಂಟುಗಳನ್ನು ಕೈಯಾರೆ ಕಾಪಿ ಮಾಡಿ. ಪ್ರಿಫರೆನ್ಸಸ್‌ನ ಎಡಿಟಿಂಗ್ ಪುಟದ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಹೊಸದರಲ್ಲಿ ನೋಡಿಕೊಂಡು ತುಂಬಬಹುದು. ಹೊಸ ಯಂತ್ರದಲ್ಲಿ ಮೊದಲಿಗೆ ಹಳೆಯದರ ಆವೃತ್ತಿಯನ್ನೇ ಹಾಕಿ, ಲೈಬ್ರರಿ ರೀಸ್ಟೋರ್ ಮಾಡಿ ಎಲ್ಲ ಸರಿಯಿದೆಯೇ ನೋಡಿ, ಆಮೇಲಷ್ಟೇ ಹೊಸ ಆವೃತ್ತಿಗೆ ಏರಿ. ಒಮ್ಮೆ ಮೇಲ್ದರ್ಜೆಗೆ ಏರಿಸಿದ ಲೈಬ್ರರಿಯನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಏರಿಸುವ ಮುಂಚೆ ತೆಗೆದ ಬ್ಯಾಕಪ್ ಫೈಲೊಂದು ಬೇರೆ ಡ್ರೈವಿನಲ್ಲಿ ಇರಲೇಬೇಕು.